ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ? ವಿಮಾನದಲ್ಲಿ ನಿಜವಾಗಿ ಎಷ್ಟು ಗಂಟೆ?

"ಶುಕ್ರವಾರ ಮಧ್ಯಾಹ್ನ 2 ಗಂಟೆಗೆ ಬೆಂಗಳೂರು ಬಿಟ್ಟ ವಿಮಾನ ಅದೇ ಶುಕ್ರವಾರ ಸಂಜೆ 4.30ಕ್ಕೆ ಅಮೆರಿಕದಲ್ಲಿ ಇಳಿಯುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು!" ಈ ಧಾಟಿಯ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಜೊತೆಗೆ ಇನ್ನೂ ಕೆಲವು ಬರುತ್ತವೆ. ವಿಮಾನಗಳು ಟಿಬೆಟ್ ಮೇಲೆ ಹಾರದಿರಲು ಅಲ್ಲೊಂದು ನಿಗೂಢ ಶಕ್ತಿ ಇದೆಯಂತೆ. ಪೆಸಿಫಿಕ್ ಸಾಗರವನ್ನು ಯಾವ ವಿಮಾನವೂ ದಾಟುವುದಿಲ್ಲವಂತೆ. ಭೂಮಿ ಹೇಗೂ ತಿರುಗುತ್ತಿರುತ್ತದೆ, ಹಾಗಾಗಿ ಹೆಲಿಕಾಪ್ಟರ್‌ನಲ್ಲಿ ಮೇಲೇರಿ ಸುಮ್ಮನೆ ನಿಂತರೆ ಸಾಕು, ಅಮೆರಿಕವೇ ಕಾಲ ಕೆಳಗೆ ಬರುತ್ತದಂತೆ.

ಓದಿ ನಕ್ಕು ಬಿಡಬಹುದು. ಆದರೆ ಈ ದಾರಿಯಲ್ಲಿ ಒಬ್ಬರೇ ಹೊರಡುವ ಅಪ್ಪ–ಅಮ್ಮಂದಿರು ಬಹಳ ಮಂದಿ ಇದ್ದಾರೆ. ಮಗಳ ಬಾಣಂತನಕ್ಕೆ, ಮೊಮ್ಮಗನನ್ನು ನೋಡಿಕೊಳ್ಳಲಿಕ್ಕೆ ಎಂದು ಜೀವನದಲ್ಲಿ ಮೊದಲ ಸಲ ವಿಮಾನ ಹತ್ತುವವರು. ಅವರ ಮಾತ್ರೆಯ ಹೊತ್ತು, ಅವರನ್ನು ಕರೆದುಕೊಂಡು ಬರಲು ಏರ್‌ಪೋರ್ಟಿಗೆ ಹೋಗಬೇಕಾದ ದಿನ ಎಲ್ಲವೂ ಈ ಗಂಟೆಗಳ ಲೆಕ್ಕದ ಮೇಲೆಯೇ ನಿಂತಿರುತ್ತವೆ. ಆದ್ದರಿಂದ ಒಮ್ಮೆ ಸರಿಯಾಗಿ ಲೆಕ್ಕ ಹಾಕೋಣ.

ದೂರ: 14,000, 8,700, 7,550. ಮೂರೂ ಸರಿ

ಭೂಮಿಯ ಮೇಲ್ಮೈ ಮೇಲೆ ಅತಿ ಹತ್ತಿರದ ದಾರಿ ಹಿಡಿದರೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ಸುಮಾರು 14,000 ಕಿಲೋಮೀಟರ್. ಇಂಟರ್ನೆಟ್‌ನಲ್ಲಿ ಹುಡುಕಿದರೆ ಒಂದು ಕಡೆ 8,700, ಇನ್ನೊಂದು ಕಡೆ 7,550 ಎಂದು ಕಾಣಿಸುತ್ತದೆ. ಗಾಬರಿ ಬೇಡ. ಮೊದಲನೆಯದು ಅಮೆರಿಕದವರು ರಸ್ತೆಯಲ್ಲಿ ಬಳಸುವ ಮೈಲಿ, 1.6 ಕಿ.ಮೀ.ಗೆ ಒಂದು. ಎರಡನೆಯದು ಹಡಗು ಮತ್ತು ವಿಮಾನಗಳವರ ನಾಟಿಕಲ್ ಮೈಲಿ, 1.852 ಕಿ.ಮೀ.ಗೆ ಒಂದು. ಇವೆರಡನ್ನೂ ಬರೀ "ಮೈಲಿ" ಎಂದು ಬರೆದುಬಿಡುವುದರಿಂದಲೇ ಅರ್ಧ ಗೊಂದಲ.

ಈ 14,000 ಕಿ.ಮೀ. ದಾರಿ ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡಿದರೆ ಹೆಚ್ಚಿನವರಿಗೆ ಆಶ್ಚರ್ಯವಾಗುತ್ತದೆ. ಅಮೆರಿಕ ಪೂರ್ವಕ್ಕಿದೆಯೋ ಪಶ್ಚಿಮಕ್ಕಿದೆಯೋ ಎಂದು ನಾವು ವಾದಿಸುತ್ತಿದ್ದರೆ, ಈ ದಾರಿ ನೆಟ್ಟಗೆ ಉತ್ತರಕ್ಕೆ ಹೊರಡುತ್ತದೆ, ಸ್ವಲ್ಪವೇ ಪೂರ್ವಕ್ಕೆ ವಾಲಿಕೊಂಡು. ಪ್ರಯಾಗರಾಜ್ ಆಸುಪಾಸು, ನೇಪಾಳ, ಟಿಬೆಟ್, ಚೀನಾದ ಪಶ್ಚಿಮ ಭಾಗ, ಮಂಗೋಲಿಯಾದ ಅಂಚು, ಆಮೇಲೆ ಸೈಬೀರಿಯಾ. ಸೈಬೀರಿಯಾದ ಉತ್ತರದ ಹಿಮಸಮುದ್ರದ ಹತ್ತಿರ 71 ಡಿಗ್ರಿ ಅಕ್ಷಾಂಶ ಮುಟ್ಟಿ ಕೆಳಗಿಳಿಯಲು ಶುರು ಮಾಡಿ, ಅಲಾಸ್ಕಾ ದಾಟಿ, ಕೆನಡಾದ ಪಶ್ಚಿಮ ಕರಾವಳಿಗೆ ಸಮಾನಾಂತರವಾಗಿ ಸಮುದ್ರದ ಮೇಲೆ ಇಳಿದು ಸ್ಯಾನ್ ಫ್ರಾನ್ಸಿಸ್ಕೋ.

ಇದು ಸುತ್ತುಬಳಸಿನ ದಾರಿಯಂತೆ ಕಾಣುವುದು ಗೋಡೆಗೆ ತೂಗುಹಾಕಿದ ನಕ್ಷೆಯ ತಪ್ಪು. ಉರುಟಾದ ಭೂಮಿಯನ್ನು ಚಪ್ಪಟೆ ಹಾಳೆಯ ಮೇಲೆ ಹರಡುವಾಗ ಎಲ್ಲೋ ಒಂದು ಕಡೆ ಎಳೆಯಲೇಬೇಕು. 1569ರಲ್ಲಿ ಮರ್ಕೇಟರ್ ಮಾಡಿದ, ಈಗಲೂ ಬಹಳ ಕಡೆ ಬಳಕೆಯಲ್ಲಿರುವ ನಕ್ಷೆಯಲ್ಲಿ ಧ್ರುವಗಳ ಹತ್ತಿರದ ಜಾಗವೆಲ್ಲ ವಿಪರೀತ ಹಿಗ್ಗಿರುತ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ನಮ್ಮ ದೇಶಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಕಾಣುತ್ತದೆ. ವಾಸ್ತವದಲ್ಲಿ ಭಾರತವೇ ಗ್ರೀನ್‌ಲ್ಯಾಂಡ್‌ಗಿಂತ ಒಂದೂವರೆ ಪಟ್ಟು ದೊಡ್ಡದು.

ಅದೇ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಬೆಂಗಳೂರಿನಿಂದ ಪೂರ್ವಕ್ಕೆ ಗೆರೆ ಎಳೆದು, ಆ "ನೇರ" ಗೆರೆಯ ಮೇಲೆಯೇ ಹಾರಿದರೆ ಎಷ್ಟಾಗುತ್ತದೆ ಎಂದು ನಾವು ಲೆಕ್ಕ ಹಾಕಿ ನೋಡಿದೆವು. ಸುಮಾರು 16,100 ಕಿ.ಮೀ. ಅಂದರೆ 2,100 ಕಿ.ಮೀ. ಹೆಚ್ಚು, ಎರಡು ಗಂಟೆಗೂ ಮೀರಿದ ಹಾರಾಟ. ನಂಬಿಕೆ ಬರದಿದ್ದರೆ ಮಕ್ಕಳ ಗ್ಲೋಬ್ ತೆಗೆದುಕೊಂಡು ಎರಡು ಊರುಗಳ ನಡುವೆ ದಾರ ಎಳೆದು ಬಿಗಿ ಮಾಡಿ. 30 ಸೆಂಟಿಮೀಟರ್ ಅಗಲದ ಗ್ಲೋಬ್ ಆದರೆ 33 ಸೆಂ.ಮೀ. ದಾರ ಸಾಕು, ಅದು ತಾನಾಗಿಯೇ ಸೈಬೀರಿಯಾ ಕಡೆ ಜಾರಿ ಕೂರುತ್ತದೆ. ನಕ್ಷೆಯ ಗೆರೆಯ ಮೇಲೆ ಕೂರಿಸಲು ಹೋದರೆ 38 ಸೆಂ.ಮೀ. ಬೇಕು.

ಹಾಗಾದರೆ ಉತ್ತರ ಧ್ರುವ ಎಲ್ಲಿಂದ ಬಂತು?

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಎರಡು ಊರುಗಳ ನಡುವಿನ ಮೊದಲ ತಡೆರಹಿತ ಹಾರಾಟ ಅದು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಮಹಿಳೆಯರೇ. ವಿಮಾನ ಉತ್ತರ ಧ್ರುವದ ಮೇಲಿನ ಮಾರ್ಗ ಹಿಡಿದಿತ್ತು. ಸುದ್ದಿಯ ಜೊತೆಗೆ "ಧ್ರುವದ ಮೇಲೆ ಹಾರಿದ್ದರಿಂದ ದೂರ ಅರ್ಧಕ್ಕರ್ಧ ಇಳಿಯಿತು" ಎಂಬ ಉತ್ಪ್ರೇಕ್ಷೆಯೂ ಹರಡಿತು.

ಹಾಗೇನಿಲ್ಲ. ಬೆಂಗಳೂರಿನಿಂದ ನೇರ ಧ್ರುವಕ್ಕೆ ಹತ್ತಿ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಇಳಿದರೆ 14,360 ಕಿ.ಮೀ. ಸುಮಾರು ಆಗುತ್ತದೆ, ಅತಿ ಹತ್ತಿರದ ದಾರಿಗಿಂತ ಮುನ್ನೂರೈವತ್ತರಿಂದ ನಾನೂರು ಕಿ.ಮೀ. ಜಾಸ್ತಿಯೇ. ಎರಡೂ ಊರು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿ ಇರುವುದರಿಂದ ಧ್ರುವದ ದಾರಿಗೂ ಹತ್ತಿರದ ದಾರಿಗೂ ವ್ಯತ್ಯಾಸ ಅಷ್ಟೇ ಚಿಕ್ಕದು. ಅಂದು ಎದುರುಗಾಳಿ ಎಲ್ಲಿ ಕಡಿಮೆಯೋ ಆ ದಾರಿ ಲಾಭ.

ಧ್ರುವದ ಮೇಲೆ ಹಾರುವುದು ಮಾತ್ರ ಸುಲಭದ ಕೆಲಸವಲ್ಲ. ಅಲ್ಲಿ ದಿಕ್ಸೂಚಿಯನ್ನು ನಂಬುವಂತಿಲ್ಲ. ಸಮಭಾಜಕದ ಮೇಲೆ ನಿಂತಿರುವ ಸಂವಹನ ಉಪಗ್ರಹಗಳು 82 ಡಿಗ್ರಿ ಮೇಲಕ್ಕೆ ಹೋದರೆ ಸಿಗುವುದಿಲ್ಲ, ಹಳೆಯ ಶೈಲಿಯ ರೇಡಿಯೋ ಬೇಕಾಗುತ್ತದೆ. ಸೂರ್ಯನಿಂದ ದೊಡ್ಡ ಸ್ಫೋಟ ಹೊಮ್ಮಿದ ದಿನ ಆ ರೇಡಿಯೋ ಕೂಡ ಕೈಕೊಡುತ್ತದೆ, ವಿಕಿರಣವೂ ಹೆಚ್ಚುತ್ತದೆ, ಹಾಗಾಗಿ ಅಂದು ದಾರಿ ಬದಲಿಸುತ್ತಾರೆ. ವಿಮಾನದ ಇಂಧನ ಮೈನಸ್ 47 ಡಿಗ್ರಿಯ ಹೊತ್ತಿಗೆ ಹೆಪ್ಪುಗಟ್ಟಲು ತೊಡಗುವುದರಿಂದ ಪೈಲಟ್‌ಗಳು ಟ್ಯಾಂಕಿನ ಉಷ್ಣಾಂಶದ ಮೇಲೆ ಕಣ್ಣಿಟ್ಟಿರುತ್ತಾರೆ.

ಟಿಬೆಟ್, ಪೆಸಿಫಿಕ್: ನಿಗೂಢ ಏನೂ ಇಲ್ಲ

ಟಿಬೆಟ್ ಪ್ರಸ್ಥಭೂಮಿಯ ಮೇಲೆ ವಿಮಾನಗಳು ಕಡಿಮೆ ಎನ್ನುವುದು ನಿಜ. ಕಾರಣ ಮಾತ್ರ ಬೇರೆ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಇಳಿದರೆ ತಲೆ ಮೇಲಿಂದ ಆಮ್ಲಜನಕದ ಮುಖವಾಡ ಬೀಳುತ್ತದೆಯಲ್ಲ, ಅದರಲ್ಲಿ ಆಮ್ಲಜನಕ ಇರುವುದು ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತು ನಿಮಿಷಕ್ಕೆ. ಅಷ್ಟರೊಳಗೆ ಪೈಲಟ್ ವಿಮಾನವನ್ನು ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಸಬೇಕು. ಟಿಬೆಟ್‌ನಲ್ಲಿ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ! ಇಳಿಯುವುದಾದರೂ ಎಲ್ಲಿಗೆ? ಹಾಗಾಗಿ ಅಲ್ಲಿ ಹಾರುವ ವಿಮಾನಗಳಿಗೆ ಹೆಚ್ಚುವರಿ ಆಮ್ಲಜನಕ, ಮೊದಲೇ ಗೊತ್ತುಮಾಡಿದ ತಪ್ಪಿಸಿಕೊಳ್ಳುವ ದಾರಿಗಳು ಬೇಕು. ಅವೆಲ್ಲ ಇರುವ ವಿಮಾನಗಳು ಲ್ಹಾಸಾಕ್ಕೆ ದಿನವೂ ಹೋಗಿ ಬರುತ್ತಿವೆ.

ಪೆಸಿಫಿಕ್ ವಿಷಯದಲ್ಲಿ ಫಾರ್ವರ್ಡ್ ಪೂರ್ತಿ ಸುಳ್ಳು. ಲಾಸ್ ಏಂಜಲೀಸ್‌ನಿಂದ ಸಿಡ್ನಿಗೆ 12,000 ಕಿ.ಮೀ., ಬಹುತೇಕ ನೀರಿನ ಮೇಲೆಯೇ. ಅದು ಹಳೆಯ, ಬಿಡುವಿಲ್ಲದ ಮಾರ್ಗ. ಒಂದು ಕಾಲದಲ್ಲಿ ಎರಡೇ ಎಂಜಿನ್ ಇರುವ ವಿಮಾನಗಳು ಯಾವುದಾದರೊಂದು ನಿಲ್ದಾಣದಿಂದ 60 ನಿಮಿಷಕ್ಕಿಂತ ದೂರ ಹೋಗಬಾರದು ಎಂಬ ನಿಯಮ ಅಮೆರಿಕದಲ್ಲಿತ್ತು. ಎಂಜಿನ್‌ಗಳು ಸುಧಾರಿಸಿದ ಹಾಗೆ 1985ರಲ್ಲಿ ಅದು 120 ನಿಮಿಷವಾಯಿತು, ಆಮೇಲೆ 180. ಈಗ ಬೋಯಿಂಗ್ 777 ವಿಮಾನಗಳಿಗೆ 330 ನಿಮಿಷದವರೆಗೂ ಅನುಮತಿ ಸಿಗುತ್ತದೆ. ಅಂದರೆ ಒಂದು ಎಂಜಿನ್ ನಿಂತರೂ ಐದೂವರೆ ಗಂಟೆ ಇನ್ನೊಂದರಲ್ಲೇ ಹಾರಿ ದಡ ಸೇರಬಹುದು ಎಂಬ ಲೆಕ್ಕಾಚಾರ.

ದಾರಿಯ ನಿಲ್ದಾಣಗಳು ಲೆಕ್ಕಕ್ಕಷ್ಟೇ ಅಲ್ಲ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ 777ರ ಒಂದು ಎಂಜಿನ್‌ನಲ್ಲಿ ದೋಷ ಕಾಣಿಸಿದಾಗ ಅದು ರಷ್ಯಾದ ಪೂರ್ವ ತುದಿಯ ಮಗದಾನ್ ಎಂಬ ಊರಿನಲ್ಲಿ ಸುರಕ್ಷಿತವಾಗಿ ಇಳಿಯಿತು. ಪ್ರಯಾಣಿಕರು ಬೇರೆ ವಿಮಾನ ಬರುವವರೆಗೆ ಅಲ್ಲಿಯೇ ಉಳಿಯಬೇಕಾಯಿತು. ಹದಿನಾರು ಗಂಟೆಯ ಹಾರಾಟಕ್ಕೆ ಎರಡು ದಿನದ ಮಾತ್ರೆ ಕೈಚೀಲದಲ್ಲಿರಲಿ ಎಂದು ಹಿರಿಯರಿಗೆ ಹೇಳುವುದು ಇದಕ್ಕೇ.

ನಕ್ಷೆಯಲ್ಲಿ ಕಾಣದ ಇನ್ನೊಂದು ಗೋಡೆ ರಾಜಕೀಯದ್ದು. 2022ರಿಂದ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. ಒಂದೇ ಎರಡು ಊರುಗಳ ನಡುವೆ ಬೇರೆ ಬೇರೆ ದೇಶದ ಕಂಪನಿಗಳು ಬೇರೆ ಬೇರೆ ದೂರ ಹಾರಬೇಕಾಗಿ ಬರುವುದು ಹೀಗೆ.

ದೂರ ಹೆಚ್ಚು, ಗಂಟೆ ಕಡಿಮೆ!

ನಮಗೆ ಬಹಳ ಇಷ್ಟವಾದ ಉದಾಹರಣೆ ಇದು. 2016ರ ಅಕ್ಟೋಬರ್‌ವರೆಗೆ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಪಶ್ಚಿಮಕ್ಕೆ, ಯುರೋಪ್ ಮತ್ತು ಅಟ್ಲಾಂಟಿಕ್ ದಾಟಿ ಹೋಗುತ್ತಿತ್ತು. ಸುಮಾರು 13,900 ಕಿ.ಮೀ. ಆ ತಿಂಗಳು ಅದನ್ನು ಪೂರ್ವಕ್ಕೆ, ಪೆಸಿಫಿಕ್ ಮೇಲೆ ತಿರುಗಿಸಿದರು. ದೂರ 15,300 ಕಿ.ಮೀ. ಆಯಿತು, ಸಮಯ ಮಾತ್ರ ಹದಿನಾಲ್ಕೂವರೆ ಗಂಟೆಗೆ ಇಳಿಯಿತು, ಮೊದಲಿಗಿಂತ ಹತ್ತಿರ ಹತ್ತಿರ ಎರಡು ಗಂಟೆ ಕಡಿಮೆ.

ಕಾರಣ ಜೆಟ್ ಸ್ಟ್ರೀಮ್. ನೆಲದಿಂದ ಒಂಬತ್ತು–ಹತ್ತು ಕಿ.ಮೀ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ನದಿ. ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು. ವಿಮಾನ ತನ್ನ ಸುತ್ತಲಿನ ಗಾಳಿಯಲ್ಲಿ ಗಂಟೆಗೆ 900 ಕಿ.ಮೀ. ಈಜುತ್ತಿದ್ದರೆ, ಆ ಗಾಳಿಯೇ 150 ಕಿ.ಮೀ. ವೇಗದಲ್ಲಿ ಅದೇ ಕಡೆ ಹರಿಯುತ್ತಿದ್ದರೆ, ನೆಲದ ಲೆಕ್ಕದಲ್ಲಿ 1,050. ಎದುರಾದರೆ 750. ತುಂಗಭದ್ರೆಯಲ್ಲಿ ತೆಪ್ಪ ಹಾಕಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆನ್ನೇರಿದ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತ್ತು. ಸಾಮಾನ್ಯವಾಗಿ ಅದು ಆರು ಗಂಟೆಗೂ ಮೇಲಿನ ಪ್ರಯಾಣ.

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ತಡೆರಹಿತ ಹಾರಾಟಕ್ಕೂ ಹೀಗೆಯೇ ಒಂದೇ ಒಂದು ಸಂಖ್ಯೆ ಹೇಳಲಾಗದು. ಹೋಗುವಾಗ ಸುಮಾರು ಹದಿನಾರು, ಬರುವಾಗ ಹದಿನೇಳು ಅಥವಾ ಅದಕ್ಕೂ ಕೊಂಚ ಹೆಚ್ಚು ಎಂದಿಟ್ಟುಕೊಳ್ಳಿ. ಟಿಕೆಟ್‌ನಲ್ಲಿ ಬರೆದಿರುವುದು ಗೇಟಿನಿಂದ ಗೇಟಿಗೆ, ಅಂದರೆ ರನ್‌ವೇಯಲ್ಲಿ ಸಾಲು ಕಾಯುವುದೂ ಸೇರಿ. ಇಂಥ ತಡೆರಹಿತ ಸೇವೆಗಳು ಶುರುವಾಗುತ್ತಿರುತ್ತವೆ, ನಿಲ್ಲುತ್ತಿರುತ್ತವೆ, ಆದ್ದರಿಂದ ಟಿಕೆಟ್ ಮಾಡುವ ಮುನ್ನ ಕಂಪನಿಯ ವೆಬ್‌ಸೈಟ್ ನೋಡಿ.

ನಡುವೆ ವಿಮಾನ ಬದಲಿಸಿದರೆ ಒಟ್ಟು ಸಮಯ ಇಪ್ಪತ್ತು ಗಂಟೆ ದಾಟುತ್ತದೆ. "ಅಮ್ಮನಿಗೆ ಅಷ್ಟು ಹೊತ್ತು ಕೂರಲಾಗಲ್ಲ, ನಡುವೆ ಒಂದು ಸ್ಟಾಪ್ ಇರಲಿ" ಎನ್ನುವವರು ಗಮನಿಸಬೇಕಾದ್ದು ಇಷ್ಟು: ದುಬೈನಲ್ಲಿ ಬದಲಿಸಿದರೆ ಮೊದಲ ಹಾರಾಟ 2,700 ಕಿ.ಮೀ., ಎರಡನೆಯದೇ 13,000. ಕೂರುವ ಹೊತ್ತು ಕಡಿಮೆಯಾದಂತೇನೂ ಆಗಲಿಲ್ಲ. ಫ್ರಾಂಕ್‌ಫರ್ಟ್ ಮೂಲಕವಾದರೆ 7,400 ಮತ್ತು 9,100. ಅದು ನಿಜವಾಗಿ ಅರ್ಧರ್ಧ.

ಹೆಲಿಕಾಪ್ಟರ್ ಮೇಲೆ ನಿಂತರೆ ಅಮೆರಿಕ ಬರುವುದಿಲ್ಲವೇ?

ಭೂಮಿ ಸಮಭಾಜಕದ ಹತ್ತಿರ ಗಂಟೆಗೆ 1,670 ಕಿ.ಮೀ. ವೇಗದಲ್ಲಿ ತಿರುಗುತ್ತದೆ, ನಿಜ. ಆದರೆ ನಾವು, ಹೆಲಿಕಾಪ್ಟರ್, ಅದನ್ನು ಎತ್ತಿ ಹಿಡಿಯುವ ಗಾಳಿ ಎಲ್ಲವೂ ಅದೇ ವೇಗದಲ್ಲಿ ಜೊತೆಗೇ ತಿರುಗುತ್ತಿದ್ದೇವೆ. ಓಡುವ ಬಸ್ಸಿನಲ್ಲಿ ನಾಣ್ಯ ಚಿಮ್ಮಿದರೆ ಅದು ಹಿಂದಿನ ಸೀಟಿನವರ ಹಣೆಗೆ ಬಡಿಯುವುದಿಲ್ಲ, ನಿಮ್ಮ ಕೈಗೇ ಬೀಳುತ್ತದೆ. ಇಲ್ಲೂ ಅಷ್ಟೆ. ಹೋಗುವಾಗ–ಬರುವಾಗಿನ ವ್ಯತ್ಯಾಸಕ್ಕೆ ಭೂಮಿ ಕೆಳಗೆ ಸರಿಯುವುದು ಕಾರಣವಲ್ಲ, ಗಾಳಿ ಕಾರಣ. ಆ ಗಾಳಿ ಪೂರ್ವಕ್ಕೆ ಬಾಗುವುದರಲ್ಲಿ ಭೂಮಿಯ ತಿರುಗುವಿಕೆಯ ಕೈವಾಡ ಇದೆ ಎಂಬಷ್ಟು ಮಟ್ಟಿಗೆ ಫಾರ್ವರ್ಡ್ ಕಳಿಸಿದವರಿಗೆ ಅರ್ಧ ಮಾರ್ಕು ಕೊಡಬಹುದು.

ಟಿಕೆಟ್‌ನ ದಿನಾಂಕ: ಇಲ್ಲೇ ಎಡವುವುದು

ಈಗ ಆ ಎರಡೂವರೆ ಗಂಟೆಯ ಫಾರ್ವರ್ಡ್. ಟಿಕೆಟ್ ಮೇಲಿನ ಎರಡೂ ಸಮಯ ಆಯಾ ಊರಿನ ಗಡಿಯಾರದ್ದು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿರುತ್ತಾರೆ, ಆಗ ವ್ಯತ್ಯಾಸ 12 ಗಂಟೆ 30 ನಿಮಿಷ. ಪ್ರಯಾಣದ ಹೊತ್ತು ತಿಳಿಯಬೇಕಾದರೆ ಎರಡನ್ನೂ ಭಾರತದ ಸಮಯಕ್ಕೆ ತಂದುಕೊಂಡು ಕಳೆಯಿರಿ. ಅಲ್ಲಿಯ ಶುಕ್ರವಾರ ಸಂಜೆ 4.30 ಅಂದರೆ ಇಲ್ಲಿ ಶನಿವಾರ ಬೆಳಿಗ್ಗೆ 6. ಶುಕ್ರವಾರ ಮಧ್ಯಾಹ್ನ 2ರಿಂದ ಶನಿವಾರ ಬೆಳಿಗ್ಗೆ 6ರವರೆಗೆ ಹದಿನಾರು ಗಂಟೆ. ಮ್ಯಾಜಿಕ್ ಮುಗಿಯಿತು.

ವಾಪಸ್ ಬರುವಾಗ ಇದು ತಮಾಷೆಯಾಗಿ ಉಳಿಯುವುದಿಲ್ಲ. ಡಿಸೆಂಬರ್‌ನ ಒಂದು ಶುಕ್ರವಾರ ರಾತ್ರಿ 8.30ಕ್ಕೆ ಅಲ್ಲಿಂದ ಹೊರಟರು ಎಂದುಕೊಳ್ಳಿ. ಆಗ ಇಲ್ಲಿ ಶನಿವಾರ ಬೆಳಿಗ್ಗೆ 10. ಹದಿನೇಳೂವರೆ ಗಂಟೆ ಕೂಡಿಸಿ. ಇಳಿಯುವುದು ಭಾನುವಾರ ಬೆಳಗಿನ ಜಾವ 3.30ಕ್ಕೆ. ನಮ್ಮ ಮನೆಗಳ ಮಾತಿನಲ್ಲಿ ಅದು "ಶನಿವಾರ ರಾತ್ರಿ". ಟಿಕೆಟ್ ನೋಡಿ "ಭಾನುವಾರ ಬರ್ತಾರೆ" ಎಂದು ನೆನಪಿಟ್ಟುಕೊಂಡವರು ಹಾಸನದಿಂದಲೋ ದಾವಣಗೆರೆಯಿಂದಲೋ ಭಾನುವಾರ ರಾತ್ರಿ ಕಾರು ಹೊರಡಿಸಿದರೆ, ಎಪ್ಪತ್ತು ವರ್ಷದ ಹಿರಿಯರೊಬ್ಬರು ಅಷ್ಟು ಹೊತ್ತಿಗೆ ಇಡೀ ಒಂದು ಹಗಲು ಲಗೇಜಿನ ಪಕ್ಕ ಕೂತಿರುತ್ತಾರೆ. ಕಾರಿನ ಡ್ರೈವರ್‌ಗೆ ಹೇಳುವಾಗ ವಾರ ಹೇಳಬೇಡಿ. "ಶನಿವಾರ ರಾತ್ರಿ ಊಟ ಮಾಡಿ ಹೊರಡಬೇಕು" ಎಂದು ಹೇಳಿ.

ಹೋಗುವಾಗ ಶುಕ್ರವಾರ ಎರಡು ಸಲ ಬಂದು, ಬರುವಾಗ ಶನಿವಾರ ಆಕಾಶದಲ್ಲೇ ಕಳೆದುಹೋಗುತ್ತದೆ. ಏಕಾದಶಿ ಉಪವಾಸ ಯಾವ ಊರಿನ ಪಂಚಾಂಗಕ್ಕೆ ಮಾಡುವುದು ಎಂಬ ಅಜ್ಜಿಯ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ. ಮಾತ್ರೆಯ ವಿಷಯಕ್ಕೆ ಇದೆ. ದೇಹಕ್ಕೆ ಊರಿನ ಗಡಿಯಾರ ಗೊತ್ತಿಲ್ಲ, ಕಳೆದ ಗಂಟೆಗಳಷ್ಟೇ ಗೊತ್ತು. ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡವರು ಇಳಿದ ಮೇಲೆ "ಇನ್ನೂ ಶುಕ್ರವಾರವೇ ಅಲ್ಲವೇ" ಎಂದು ಒಂದು ಡೋಸ್ ಬಿಟ್ಟುಬಿಡಬಹುದು, ಇಲ್ಲವೇ ಎರಡು ಸಲ ತೆಗೆದುಕೊಳ್ಳಬಹುದು. ಹೊರಡುವ ವಾರ ಮೊದಲೇ ವೈದ್ಯರ ಹತ್ತಿರ ಟಿಕೆಟ್ ತೋರಿಸಿ, ಭಾರತದ ಸಮಯದಲ್ಲೇ ಒಂದು ಚೀಟಿ ಬರೆಸಿಕೊಳ್ಳಿ. ಇನ್ಸುಲಿನ್ ಕೈಚೀಲದಲ್ಲಿರಲಿ. ಕೆಳಗಿನ ಲಗೇಜಿನ ಕೋಣೆಯ ಚಳಿಗೆ ಅದು ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು.

ಬಹಳ ಹೊತ್ತು ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ ಎಂಬ ಫಾರ್ವರ್ಡ್ ಮಾತ್ರ ಪೂರ್ತಿ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆಗಿಂತ ಹೆಚ್ಚಿನ ಪ್ರಯಾಣದ ನಂತರ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಆರೋಗ್ಯವಂತರಲ್ಲಿ ಆದರೂ ಅದು ಅಂದಾಜು 6,000ಕ್ಕೆ ಒಬ್ಬರಿಗೆ. ಹಿಂದೆ ಹೀಗೆ ಆಗಿದ್ದವರು, ಇತ್ತೀಚೆಗೆ ಆಪರೇಷನ್ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಹೊರಡಬೇಕು. ಉಳಿದವರು ಗಂಟೆ–ಎರಡು ಗಂಟೆಗೊಮ್ಮೆ ಎದ್ದು ನಡೆದರೆ, ಕೂತಲ್ಲೇ ಪಾದ ಮೇಲೆ–ಕೆಳಗೆ ಆಡಿಸಿದರೆ ಒಳ್ಳೆಯದು. "ಹತ್ತುವ ಮುಂಚೆ ಒಂದು ಆಸ್ಪಿರಿನ್ ನುಂಗಿ" ಎಂಬ ಸಲಹೆಯನ್ನು ವೈದ್ಯರು ಹೇಳದೆ ಪಾಲಿಸಬೇಡಿ. ಇಳಿದ ಮೇಲೆ, ಕೆಲವು ದಿನ ಕಳೆದ ಮೇಲೂ, ಒಂದೇ ಕಾಲಿನ ಮೀನಖಂಡ ಊದಿ ನೋವು ಬಂದರೆ, ಅಥವಾ ಹಠಾತ್ತನೆ ಉಸಿರು ಕಟ್ಟಿ ಎದೆ ನೋವು ಬಂದರೆ ಜೆಟ್‌ಲ್ಯಾಗ್ ಎಂದು ಮಲಗಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಆ್ಯಪ್‌ನಲ್ಲಿ ವಿಮಾನ ಮಾಯವಾದಾಗ

ಕೊನೆಯದು, ನಡುರಾತ್ರಿ ಬರುವ ಸ್ಕ್ರೀನ್‌ಶಾಟ್. "ಅಪ್ಪನ ಫ್ಲೈಟ್ ಸೈಬೀರಿಯಾ ಮೇಲೆ ಕಾಣೆಯಾಗಿದೆ!" ಮೊಬೈಲಿನ ಟ್ರ್ಯಾಕಿಂಗ್ ಆ್ಯಪ್‌ಗಳು ಹೆಚ್ಚಾಗಿ ನೆಲದ ಮೇಲಿನ ರಿಸೀವರ್‌ಗಳಿಂದ ಮಾಹಿತಿ ಪಡೆಯುತ್ತವೆ. ವಿಮಾನ ಕಳಿಸುವ ಸಂಕೇತವನ್ನು ಸುತ್ತಮುತ್ತ ಕೆಲವು ನೂರು ಕಿ.ಮೀ.ವರೆಗೆ ಮಾತ್ರ ಅವು ಹಿಡಿಯಬಲ್ಲವು. ಹಿಮಸಮುದ್ರದ ಮೇಲೆ ರಿಸೀವರ್ ಇಡುವವರು ಯಾರು? ಹಾಗಾಗಿ ಪುಟ್ಟ ವಿಮಾನದ ಚಿತ್ರ ಅಲ್ಲೇ ನಿಂತುಬಿಡುತ್ತದೆ, ಅಥವಾ ಆ್ಯಪ್ ಅಂದಾಜಿನ ಮೇಲೆ ಚುಕ್ಕೆ ಚುಕ್ಕೆ ಗೆರೆ ಎಳೆಯುತ್ತದೆ. ಪೈಲಟ್‌ಗಳು ಅಷ್ಟು ಹೊತ್ತೂ ರೇಡಿಯೋ ಅಥವಾ ಉಪಗ್ರಹದ ಮೂಲಕ ಕಂಟ್ರೋಲ್ ರೂಮಿನ ಸಂಪರ್ಕದಲ್ಲೇ ಇರುತ್ತಾರೆ. ಸ್ಕ್ರೀನ್‌ಶಾಟ್ ಫಾರ್ವರ್ಡ್ ಮಾಡುವ ಬದಲು ಫೋನ್ ಚಾರ್ಜಿಗೆ ಹಾಕಿ ಮಲಗಿ. ಬೆಳಿಗ್ಗೆ ನೋಡುವಷ್ಟರಲ್ಲಿ ಅದೇ ಪುಟ್ಟ ವಿಮಾನ ಅಲಾಸ್ಕಾ ದಾಟಿ ಕೆಳಗಿಳಿಯುತ್ತಿರುತ್ತದೆ.